ಬೇಸ್ ಹುಟ್ಟುವುದು ಪೆಟ್ಟಿಗೆಯಲ್ಲಿ

ಕಾಡುಗೋಡಿ ದಾಟಿ ಹೊಸಕೋಟೆ ಕಡೆಗೆ ಹೊರಟರೆ ದಾರಿಯಲ್ಲಿ ಸಮೇತನಹಳ್ಳಿ ಸಿಗುತ್ತದೆ. ಸಂಜೆಯಾದರೆ ಈ ರಸ್ತೆಗೆ ಬಿಡುವಿಲ್ಲ. ವೈಟ್‌ಫೀಲ್ಡ್‌ನಿಂದ ಮನೆಗೆ ಮರಳುವ ಆಫೀಸಿನ ಕಾರುಗಳು, ತರಕಾರಿ ಕ್ರೇಟು ಹೊತ್ತ ಟೆಂಪೊಗಳು, ಜಲ್ಲಿ ತುಂಬಿದ ಟ್ರ್ಯಾಕ್ಟರುಗಳು, ಆಟೊಗಳು. ನಡುವೆ ಒಂದು ಕಾರು ನಾಲ್ಕೂ ಗಾಜು ಏರಿಸಿಕೊಂಡು ಹಾದುಹೋಗುತ್ತದೆ. ಯಾವ ಹಾಡು, ಹಾಡಿದವರು ಯಾರು, ಒಂದೂ ತಿಳಿಯುವುದಿಲ್ಲ. ರಸ್ತೆಬದಿಯ ಅಂಗಡಿಯ ಶಟರ್ ಮಾತ್ರ ಅದುರುತ್ತದೆ.

ಪದಗಳೆಲ್ಲ ಕಾರಿನೊಳಗೇ ಉಳಿದು ಬೇಸ್ ಒಂದೇ ಹೊರಗೆ ಬರುವುದಕ್ಕೆ ಕಾರಣ ಸರಳ. ಗಾಜು, ತಗಡು, ಗೋಡೆ ಯಾವುದೇ ಆಗಲಿ, ಸದ್ದಿನ ಆವರ್ತನ ಅರ್ಧಕ್ಕಿಳಿದಾಗಲೆಲ್ಲ ಅದನ್ನು ತಡೆಯುವ ಅವುಗಳ ಶಕ್ತಿ ಸುಮಾರು 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. 2000 ಹರ್ಟ್ಸ್‌ನ ಸುತ್ತ ಇರುವ ವ್ಯಂಜನಗಳ ಸ್ಪಷ್ಟತೆ ಬಾಗಿಲಲ್ಲೇ ನಿಲ್ಲುತ್ತದೆ. 50 ಹರ್ಟ್ಸ್‌ನ ಗುಡುಗನ್ನು ಅದೇ ಬಾಗಿಲು ಬಹುತೇಕ ಬಿಟ್ಟುಕೊಡುತ್ತದೆ. 40 ಹರ್ಟ್ಸ್‌ನ ಒಂದು ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ. ಅಂದರೆ ಇಡೀ ಕಾರಿಗಿಂತ ಅಲೆಯೇ ದೊಡ್ಡದು.

ಹೊಸಕೋಟೆ ವಾಹನಗಳ ತಾಲ್ಲೂಕು. ವೋಲ್ವೊ ಕಂಪನಿ 1998ರಿಂದ ಇಲ್ಲಿ ಲಾರಿ ಕಟ್ಟುತ್ತಿದೆ. ಬಾಡಿ ಕಟ್ಟುವವರು, ವೈರಿಂಗ್ ಮಾಡುವವರು, ಸೀಟು ಹೊಲಿಯುವವರು ಹೆದ್ದಾರಿಯುದ್ದಕ್ಕೂ ಇದ್ದಾರೆ. ಹಳೆಯ ಓಮ್ನಿಯೋ ಸೆಕೆಂಡ್‌ಹ್ಯಾಂಡ್ ಸ್ವಿಫ್ಟೋ ಕೊಂಡ ಹುಡುಗ ಮೊದಲ ಸಂಬಳದಲ್ಲೇ ಅದಕ್ಕೊಂದು ಸಬ್‌ವೂಫರ್ ಹಾಕಿಸಬೇಕೆಂದು ಆಸೆಪಟ್ಟರೆ ಅದರಲ್ಲಿ ತಪ್ಪೇನಿಲ್ಲ. ಡೊಳ್ಳು, ತಮಟೆ, ನಗಾರಿ ಕೇಳಿ ಬೆಳೆದ ಕಿವಿಗೆ ಕೆಳಗಿನ ಸದ್ದಿಲ್ಲದ ಹಾಡು ಖಾಲಿಯೆನಿಸುತ್ತದೆ. ಆದರೆ ಅಂಗಡಿಗೆ ಹೋದವನು ಕೇಳುವ ಮೊದಲ ಪ್ರಶ್ನೆ ‘ಎಷ್ಟು ವಾಟ್ಸ್?’ ಎಂದೇ. ಕೇಳಬೇಕಾದದ್ದು ‘ಎಷ್ಟು ಲೀಟರ್?’ ಎಂದು. ಕೆಳಸ್ವರದ ಮಟ್ಟಿಗೆ ಸ್ಪೀಕರು ಅರ್ಧ ಯಂತ್ರ. ಉಳಿದರ್ಧ ಅದರ ಹಿಂದಿರುವ ಮರದ ಪೆಟ್ಟಿಗೆ ಮತ್ತು ಅದರೊಳಗಿನ ಗಾಳಿ. ಆ ಅರ್ಧವನ್ನು ಅಳತೆ ಗೊತ್ತಿರುವ ಯಾರು ಬೇಕಾದರೂ ಮನೆಯಲ್ಲೇ ಕಟ್ಟಬಹುದು, ಅದೂ ಅಂಗಡಿಯ ಸಿದ್ಧ ಬಾಕ್ಸಿಗಿಂತ ಚೆನ್ನಾಗಿ.

ಪೆಟ್ಟಿಗೆ ಯಾಕೆ ಬೇಕು ಎಂಬುದನ್ನು ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ಬಿಡಿ ವೂಫರಿಗೆ ವೈರ್ ಕೊಟ್ಟು ಮೇಜಿನ ಮೇಲಿಟ್ಟು ಮೆಲ್ಲಗೆ ಹಾಡು ಹಾಕಿ. ಕೋನ್ ಒಳಗೂ ಹೊರಗೂ ಓಡಾಡುವುದು ಕಣ್ಣಿಗೆ ಕಾಣುತ್ತದೆ, ಬೇಸ್ ಮಾತ್ರ ಕೇಳುವುದಿಲ್ಲ. ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಹಿಂದಿನ ಗಾಳಿ ಅದೇ ಕ್ಷಣ ತೆಳುವಾಗುತ್ತದೆ. ಅಂಚು ಬಳಸಿಕೊಂಡು ಎರಡೂ ಕೂಡಿ ಒಂದನ್ನೊಂದು ಅಳಿಸಿಹಾಕುತ್ತವೆ. ಈಗ ಒಂದು ರಟ್ಟಿನಲ್ಲೋ ಹಲಗೆಯಲ್ಲೋ ತೂತು ಕೊರೆದು ಸ್ಪೀಕರನ್ನು ಅದಕ್ಕೆ ಒತ್ತಿ ಹಿಡಿಯಿರಿ. ಬೇಸ್ ಒಮ್ಮೆಲೇ ಮೇಲೇಳುತ್ತದೆ. ಮುಂದಿನ ಗಾಳಿಗೂ ಹಿಂದಿನ ಗಾಳಿಗೂ ಭೇಟಿಯಾಗದಂತೆ ನೋಡಿಕೊಳ್ಳುವುದು ಪೆಟ್ಟಿಗೆಯ ಮೊದಲ ಕೆಲಸ.

ಎರಡನೆಯ ಕೆಲಸ ಅಷ್ಟು ಸುಲಭವಾಗಿ ಕಣ್ಣಿಗೆ ಕಾಣುವುದಿಲ್ಲ. ಮುಚ್ಚಿದ ಪೆಟ್ಟಿಗೆಯ ಗಾಳಿ ಸ್ಪ್ರಿಂಗಿನ ಹಾಗೆ ಕೋನನ್ನು ಹಿಂದಕ್ಕೆ ತಳ್ಳುತ್ತದೆ, ಎಳೆಯುತ್ತದೆ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಎಆರ್–1 ಸ್ಪೀಕರಿನಲ್ಲಿ ಈ ಸ್ಪ್ರಿಂಗನ್ನೇ ದುಡಿಸಿಕೊಂಡ. ಅದುವರೆಗೆ ಒಳ್ಳೆಯ ಬೇಸ್ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ವಿಲ್ಚರ್ ಕೋನಿನ ಅಂಚನ್ನು ಬೇಕೆಂದೇ ಸಡಿಲ ಮಾಡಿ, ಬಿಗಿತದ ಜವಾಬ್ದಾರಿಯನ್ನು ಪುಟ್ಟ ಪೆಟ್ಟಿಗೆಯ ಗಾಳಿಗೆ ಒಪ್ಪಿಸಿದ. ಕಾರಿನ ಡಿಕ್ಕಿಯಲ್ಲಿ ಇಂದು ಸಬ್‌ವೂಫರ್ ಕೂರುವಷ್ಟು ಚಿಕ್ಕದಾದದ್ದು ಈ ದಾರಿಯಲ್ಲಿ.

ಗಾಳಿ ಎಷ್ಟಿರಬೇಕು ಎಂಬುದನ್ನು ಲೆಕ್ಕ ಹಾಕಲು ಕಲಿಸಿದವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಇಬ್ಬರು ಎಂಜಿನಿಯರುಗಳು. ನೆವಿಲ್ ಥೀಲ್ 1961ರಲ್ಲಿ ಪ್ರಬಂಧ ಬರೆದರು, ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಅದನ್ನು ಬೆಳೆಸಿದರು. ಒಳ್ಳೆಯ ಸಬ್‌ವೂಫರ್ ಕೊಂಡರೆ ಡಬ್ಬಿಯಲ್ಲೊಂದು ಚೀಟಿ ಇರುತ್ತದಲ್ಲ, ಅದರಲ್ಲಿರುವ ಅಂಕಿಗಳನ್ನು ಇವರ ಹೆಸರಿನಿಂದಲೇ ಥೀಲ್–ಸ್ಮಾಲ್ ಪ್ಯಾರಾಮೀಟರ್ಸ್ ಎನ್ನುತ್ತಾರೆ. ಹೆಚ್ಚಿನವರು ಆ ಚೀಟಿಯನ್ನು ಥರ್ಮಾಕೋಲಿನ ಜೊತೆ ಎಸೆಯುತ್ತಾರೆ. ಎಸೆಯಬೇಡಿ. ಮೂರು ಅಂಕಿ ಸಾಕು. ಎಫ್‌ಎಸ್ ಎಂದರೆ ಬಿಡಿ ಕೋನ್ ತಾನಾಗಿ ಅನುರಣಿಸುವ ಆವರ್ತನ. ವಿಎಎಸ್ ಎಂದರೆ ಕೋನಿನ ಅಂಚಿಗೆ ಇರುವಷ್ಟೇ ಬಿಗಿತವುಳ್ಳ ಗಾಳಿಯ ಪ್ರಮಾಣ, ಲೀಟರಿನಲ್ಲಿ. ಕ್ಯೂಟಿಎಸ್ ಎಂದರೆ ಕೋನ್ ಅಲುಗಾಡಿದ ಮೇಲೆ ಎಷ್ಟು ಬೇಗ ತೆಪ್ಪಗಾಗುತ್ತದೆ ಎಂಬುದರ ಅಳತೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 12 ಇಂಚಿನ ಸಬ್‌ವೂಫರಿನ ಚೀಟಿಯಲ್ಲಿ ಎಫ್‌ಎಸ್ 30 ಹರ್ಟ್ಸ್, ಕ್ಯೂಟಿಎಸ್ 0.5, ವಿಎಎಸ್ 40 ಲೀಟರ್ ಎಂದಿದೆ ಎನ್ನಿ. ಅದನ್ನು 40 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ ಅಂಚಿನ ಬಿಗಿತಕ್ಕೆ ಗಾಳಿಯ ಅಷ್ಟೇ ಬಿಗಿತ ಸೇರಿ ಒಟ್ಟು ಎರಡರಷ್ಟಾಗುತ್ತದೆ. ಎರಡರ ವರ್ಗಮೂಲ 1.414. ಹಾಗಾಗಿ 30 ಹರ್ಟ್ಸ್ ಇದ್ದದ್ದು 42ಕ್ಕೆ ಏರುತ್ತದೆ, 0.5 ಇದ್ದದ್ದು 0.7 ಆಗುತ್ತದೆ. ಈ 0.7 ಎಂಬುದು ಪೆಟ್ಟಿಗೆ ಕಟ್ಟುವವರೆಲ್ಲ ಬಯಸುವ ಅಂಕಿ. ಆಗ ಸದ್ದು ಎಲ್ಲೂ ಉಬ್ಬದೆ, ಕುಸಿಯದೆ ಸಮವಾಗಿ ಇಳಿಯುತ್ತದೆ. ಇದೇ ಸ್ಪೀಕರನ್ನು ಜಾಗ ಉಳಿಸಲೆಂದು 14 ಲೀಟರಿನ ಡಬ್ಬಿಗೆ ತುರುಕಿದರೆ ಆ ಅಂಕಿ 1ರ ಹತ್ತಿರಕ್ಕೆ ಹೋಗುತ್ತದೆ. 60 ಹರ್ಟ್ಸ್ ಸುತ್ತ ಒಂದೇ ಸ್ವರ ಊದಿಕೊಂಡು, ಯಾವ ಹಾಡು ಹಾಕಿದರೂ ಒಂದೇ ಬಗೆಯ ‘ಬೂಂ’ ಕೇಳುತ್ತದೆ. ‘ಬೇಸ್ ಜಾಸ್ತಿ ಇದೆ, ಆದರೆ ಕ್ಲಿಯರ್ ಇಲ್ಲ’ ಎಂದು ಜನ ದೂರುವುದು ಇದನ್ನೇ. ಅಂಥವರಿಗೆ ಹೊಸ ಆಂಪ್ಲಿಫೈಯರ್ ಬೇಡ, ದೊಡ್ಡ ಪೆಟ್ಟಿಗೆ ಬೇಕು.

ಇನ್ನೊಂದು ಬಗೆಯ ಪೆಟ್ಟಿಗೆಯಿದೆ. ಅದಕ್ಕೆ ಒಂದು ಬಾಯಿ, ಬಾಯಿಗೊಂದು ಕೊಳವೆ. ಅಂಗಡಿಯವರ ಮಾತಿನಲ್ಲಿ ಪೋರ್ಟೆಡ್ ಬಾಕ್ಸ್. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಮತ್ತು ಕರಾವಳಿಯ ಕುಡುಬಿಯರ ಗುಮಟೆಯನ್ನು ನೋಡಿದವರಿಗೆ ಇದರ ಮರ್ಮ ಬೇಗ ಹಿಡಿಯುತ್ತದೆ. ಗುಮಟೆ ಮಣ್ಣಿನ ಗಡಿಗೆ. ಅಗಲದ ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದು ತುದಿಯ ಕಿರಿದಾದ ಬಾಯಿ ತೆರೆದಿರುತ್ತದೆ. ಒಂದು ಕೈ ಚರ್ಮ ಬಡಿಯುತ್ತಿದ್ದರೆ ಇನ್ನೊಂದು ಅಂಗೈ ಆ ಕಿರಿಬಾಯಿಯನ್ನು ಮುಚ್ಚುತ್ತ ತೆರೆಯುತ್ತ ಗುಂಕಿಯನ್ನು ಏರಿಳಿಸುತ್ತದೆ. ಚರ್ಮದ ಜಾಗದಲ್ಲಿ ಕೋನ್, ಕಿರಿಬಾಯಿಯ ಜಾಗದಲ್ಲಿ ಕೊಳವೆ ಇಟ್ಟುಕೊಳ್ಳಿ, ಪೋರ್ಟೆಡ್ ಬಾಕ್ಸ್ ಸಿದ್ಧ. ಕೊಳವೆಯೊಳಗಿನ ಗಾಳಿ ಒಂದು ತುಂಡಾಗಿ ಹಿಂದೆ ಮುಂದೆ ಓಡಾಡುತ್ತದೆ, ಪೆಟ್ಟಿಗೆಯ ಗಾಳಿ ಅದಕ್ಕೆ ಸ್ಪ್ರಿಂಗಾಗುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲೇ ಇದರ ಗಣಿತ ಬರೆದಿದ್ದ. ಅದನ್ನು ಸ್ಪೀಕರಿಗೆ ಅಳವಡಿಸಿ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ 1930ರಲ್ಲಿ ಅರ್ಜಿ ಹಾಕಿ 1932ರಲ್ಲಿ ಪೇಟೆಂಟ್ ಪಡೆದ.

ಕೋನಿನ ಹಿಂಬದಿಯ ಸದ್ದು ಇಲ್ಲಿ ವ್ಯರ್ಥವಾಗುವುದಿಲ್ಲ, ಕೊಳವೆಯ ಆವರ್ತನದಲ್ಲಿ ತಿರುವು ಪಡೆದು ಮುಂದಿನ ಸದ್ದಿಗೆ ಸೇರಿಕೊಳ್ಳುತ್ತದೆ. ಅದೇ ವಾಟ್ಸ್‌ಗೆ ಹೆಚ್ಚು ಬೇಸ್ ಸಿಗುವುದು ನಿಜ. ಬೆಲೆಯೂ ಇದೆ. 50 ಲೀಟರಿನ ಪೆಟ್ಟಿಗೆಯನ್ನು 35 ಹರ್ಟ್ಸ್‌ಗೆ ಶ್ರುತಿ ಮಾಡಲು 10 ಸೆಂ.ಮೀ. ಒಳವ್ಯಾಸದ ನಾಲ್ಕಿಂಚಿನ ಪಿವಿಸಿ ಪೈಪು ಸುಮಾರು 31 ಸೆಂ.ಮೀ. ಉದ್ದ ಬೇಕು. ಪೈಪನ್ನು ಕಣ್ಣಳತೆಯಲ್ಲಿ 15 ಸೆಂ.ಮೀ.ಗೆ ಕತ್ತರಿಸಿದರೆ ಶ್ರುತಿ 45 ಹರ್ಟ್ಸ್ ದಾಟುತ್ತದೆ. ಶ್ರುತಿಗಿಂತ ಕೆಳಗಿನ ಸ್ವರ ಬಂದಾಗ ಪೆಟ್ಟಿಗೆಯ ಗಾಳಿ ಕೋನನ್ನು ಹಿಡಿದಿಡುವುದೇ ಇಲ್ಲ. ಕೋನ್ ಹುಚ್ಚೆದ್ದು ಕುಣಿದು, ಅದರ ಹಿಂದಿರುವ ತಂತಿಯ ಸುರುಳಿ, ಅಂದರೆ ಕಾಯಿಲ್, ತಳಕ್ಕೆ ಬಡಿಯುತ್ತದೆ. ಇದನ್ನು ತಡೆಯಲು ಆಂಪ್ಲಿಫೈಯರಿನಲ್ಲಿ ಸಬ್‌ಸಾನಿಕ್ ಫಿಲ್ಟರ್ ಇರಲೇಬೇಕು. ಸಣ್ಣ ಪೈಪು ಹಾಕಿದರೆ ‘ಫುಸ್ ಫುಸ್’ ಎಂಬ ಗಾಳಿಯ ಸದ್ದು ಬೇರೆ. ಮೊದಲ ಸಲ ಪೆಟ್ಟಿಗೆ ಕಟ್ಟುವವರಿಗೆ ನನ್ನ ಸಲಹೆ ಮುಚ್ಚಿದ ಪೆಟ್ಟಿಗೆಯೇ. ಅದರಲ್ಲಿ ಎರಡು ಲೀಟರ್ ಹೆಚ್ಚು ಕಡಿಮೆಯಾದರೂ ಕೆಡುಕಿಲ್ಲ.

ಮುಚ್ಚಿದ ಪೆಟ್ಟಿಗೆಯ ಪರವಾಗಿ ಇನ್ನೂ ದೊಡ್ಡ ಕಾರಣವೊಂದಿದೆ, ಅದು ಕಾರಿನದೇ ಕೊಡುಗೆ. ಅಲೆಯ ಅರ್ಧ ಉದ್ದ ಕಾರಿನೊಳಗಿನ ಉದ್ದಕ್ಕಿಂತ ಹೆಚ್ಚಾದ ಮೇಲೆ ಸದ್ದು ಅಲೆಯಾಗಿ ಹರಿಯುವುದು ನಿಂತು, ಇಡೀ ಕ್ಯಾಬಿನ್ನಿನ ಗಾಳಿಯೇ ಒಟ್ಟಾಗಿ ಒತ್ತಿ ಸಡಿಲಗೊಳ್ಳುತ್ತದೆ. ಒಳಗೆ ಎರಡೂವರೆ ಮೀಟರ್ ಉದ್ದವಿದ್ದರೆ ಇದು ಸುಮಾರು 69 ಹರ್ಟ್ಸ್‌ನಿಂದ ಕೆಳಗೆ ಶುರುವಾಗುತ್ತದೆ. ಅಲ್ಲಿಂದ ಕೆಳಗೆ ಆವರ್ತನ ಅರ್ಧವಾದಾಗಲೆಲ್ಲ ಬೇಸ್ 12 ಡೆಸಿಬೆಲ್ ಏರಬೇಕೆಂದು ಲೆಕ್ಕ. ತಗಡು ಅದುರುವುದರಿಂದ, ಬಾಗಿಲ ಸಂದುಗಳಿಂದ ಒಂದಿಷ್ಟು ಸೋರಿದರೂ ಉಳಿಯುವುದು ಕಡಿಮೆಯೇನಲ್ಲ. ಮುಚ್ಚಿದ ಪೆಟ್ಟಿಗೆಯ ಸದ್ದು ತನ್ನ ಆವರ್ತನದಿಂದ ಕೆಳಗೆ ಸರಿಯಾಗಿ ಇದೇ 12 ಡೆಸಿಬೆಲ್ ಲೆಕ್ಕದಲ್ಲಿ ಇಳಿಯುತ್ತದೆ. ಪೆಟ್ಟಿಗೆ ಕಳೆದದ್ದನ್ನು ಕಾರು ತುಂಬಿಕೊಡುತ್ತದೆ. ಮನೆಯ ಹಾಲ್‌ನಲ್ಲಿ ಸಾಧಾರಣವೆನಿಸಿದ ಪೆಟ್ಟಿಗೆ ಓಮ್ನಿಯೊಳಗೆ ಎದೆ ತಟ್ಟುವುದು ಇದರಿಂದ.

ಈಗ ಟ್ರ್ಯಾಕ್ಟರಿಗೆ ಬನ್ನಿ. ಹೊಸಕೋಟೆ ಸೀಮೆಯಲ್ಲೂ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ, ಟಾಪಿನ ಕೆಳಗೆ ಸ್ಪೀಕರ್ ಬಾಕ್ಸ್ ಕೂರಿಸುವ ಹುಚ್ಚಿದೆ. ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯದ ರಸ್ತೆಗಳಲ್ಲಂತೂ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಾಡು ಫರ್ಲಾಂಗು ದೂರದಿಂದ ಕೇಳುತ್ತದೆ. ಒಂದು ಬಾಕ್ಸ್ ಸಾಲದೆಂದು ಎರಡು, ಎರಡು ಸಾಲದೆಂದು ನಾಲ್ಕು. ಕಾರಣ ಚಾಲಕನ ಶೋಕಿಯೊಂದೇ ಅಲ್ಲ, ಟ್ರ್ಯಾಕ್ಟರಿಗೆ ಕ್ಯಾಬಿನ್ ಇಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ತುಂಬಿಕೊಡುವ ಗೋಡೆಯಿಲ್ಲ. ಕಾರು 35 ಹರ್ಟ್ಸ್‌ನ ಹತ್ತಿರ ಪುಕ್ಕಟೆ ಕೊಡಬಲ್ಲ 12 ಡೆಸಿಬೆಲ್ಲನ್ನು ಟ್ರ್ಯಾಕ್ಟರಿನಲ್ಲಿ ಆಂಪ್ಲಿಫೈಯರಿನಿಂದಲೇ ಪಡೆಯಬೇಕೆಂದರೆ 16 ಪಟ್ಟು ಶಕ್ತಿ ಬೇಕು. ಅದೇ ಸದ್ದನ್ನು ಅರ್ಧ ಆವರ್ತನದಲ್ಲಿ ಹೊರಡಿಸಲು ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. ಬ್ಯಾಟರಿ, ಸ್ಪೀಕರ್, ದುಡ್ಡು ಮೂರೂ ಹಾಳಾಗುವ ದಾರಿ ಇದು. ಹಿಂದಿನ ವಾಹನದ ಹಾರ್ನ್ ಚಾಲಕನಿಗೆ ಕೇಳದಿರುವುದು ಇನ್ನೂ ದೊಡ್ಡ ಅಪಾಯ. ತೆರೆದ ವಾಹನಕ್ಕೆ ಸಬ್‌ವೂಫರ್ ಬೇಡ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಚಾಲಕನ ಕಿವಿಯ ಕಡೆ ತಿರುಗಿಸಿದ ಎರಡು ಒಳ್ಳೆಯ ಆರಿಂಚಿನ ಸ್ಪೀಕರು ಸಾಕು.

ಇನ್ನು ಕಟ್ಟುವ ಕೆಲಸ. ಮೊದಲು ಡಿಕ್ಕಿಯ ಅಳತೆ. ಸ್ಟೆಪ್ನಿ ತೆಗೆಯಲು ಜಾಗ ಬಿಡಬೇಕು. ಸಿಎನ್‌ಜಿ ಸಿಲಿಂಡರ್ ಇರುವ ಗಾಡಿಯಲ್ಲಿ ಅದರ ವಾಲ್ವ್ ಮುಚ್ಚುವಂತೆ ಏನನ್ನೂ ಇಡುವಂತಿಲ್ಲ. ನಮ್ಮ 40 ಲೀಟರಿಗೆ ಸ್ಪೀಕರಿನ ಹಿಂಭಾಗ ಆಕ್ರಮಿಸುವ 2 ಲೀಟರ್, ಒಳಗಿನ ಅಡ್ಡಪಟ್ಟಿಯ 1 ಲೀಟರ್ ಸೇರಿಸಿ ಒಟ್ಟು 43 ಲೀಟರ್ ಬೇಕು. ಒಳಗೆ 48 ಸೆಂ.ಮೀ. ಅಗಲ, 32 ಎತ್ತರ, 28 ಆಳ ಇಟ್ಟರೆ ಸರಿಯಾಗಿ 43 ಲೀಟರ್ ಬರುತ್ತದೆ. 18 ಎಂ.ಎಂ. ಹಲಗೆಯಾದರೆ ಪ್ರತಿ ಅಳತೆಗೂ 3.6 ಸೆಂ.ಮೀ. ಕೂಡಿಸಿ, ಹೊರ ಅಳತೆ 51.6, 35.6, 31.6. ಒಳ ಅಳತೆಯನ್ನೇ ಬಡಗಿಗೆ ಹೊರ ಅಳತೆಯೆಂದು ಬರೆದುಕೊಟ್ಟರೆ ಪೆಟ್ಟಿಗೆ 31 ಲೀಟರಿಗಿಳಿಯುತ್ತದೆ. ಚೀಟಿಯ ಮೇಲೆ ‘ಒಳಗೆ’, ‘ಹೊರಗೆ’ ಎಂದು ಎರಡನ್ನೂ ಬರೆಯಿರಿ.

ಮರ ಯಾವುದು? ಸಮೇತನಹಳ್ಳಿ ಸುತ್ತಮುತ್ತ ತೋಪಿನ ನೀಲಗಿರಿ, ಬದುವಿನ ಸಿಲ್ವರ್ ಓಕ್ ಕೊಯ್ಸಿದ ಹಲಗೆ ಮನೆಯಲ್ಲಿ ಬಿದ್ದಿರಬಹುದು. ಅದನ್ನು ಬಳಸುವ ಮನಸ್ಸಾಗುವುದು ಸಹಜ. ಬೇಡ. ನೀಲಗಿರಿ ಒಣಗುತ್ತ ತಿರುಚಿಕೊಳ್ಳುತ್ತದೆ, ಸೀಳುತ್ತದೆ. ಯಾವುದೇ ಇಡೀ ಹಲಗೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವಾಗ ಮೂಲೆಗಳು ಬಾಯಿ ಬಿಡುತ್ತವೆ. ಒಂದು ಕೂದಲೆಳೆಯ ಸಂದು ಸಾಕು, ಪೆಟ್ಟಿಗೆ ಸಿಳ್ಳೆ ಹಾಕುತ್ತದೆ. 18 ಎಂ.ಎಂ. ಎಂಡಿಎಫ್ ಒಳ್ಳೆಯ ಆಯ್ಕೆ, ಭಾರವಾಗಿ, ಎಲ್ಲ ಕಡೆ ಒಂದೇ ಸಮ ಇರುತ್ತದೆ. ನೀರು ತಾಗಿದರೆ ಮಾತ್ರ ಊದಿಕೊಳ್ಳುತ್ತದೆ. ಓಮ್ನಿಯಂಥ ಗಾಡಿಯಲ್ಲಿ ತರಕಾರಿ, ಹಾಲಿನ ಕ್ಯಾನು ಸಾಗಿಸುವವರಿಗೆ ಪ್ಲೈವುಡ್ಡೇ ಸರಿ. ಐಎಸ್ 303 ಗುರುತಿನ ಬಿಡಬ್ಲ್ಯುಆರ್ ದರ್ಜೆ ಸಾಕು, ಐಎಸ್ 710 ಮರೀನ್ ಪ್ಲೈ ಆದರೆ ನೀರಿನ ಭಯವೇ ಇಲ್ಲ. ಅಂಗಡಿಯ ಅಗ್ಗದ ಸಿದ್ಧ ಬಾಕ್ಸುಗಳಲ್ಲಿ ಹೆಚ್ಚಾಗಿ ಇರುವುದು ಪಾರ್ಟಿಕಲ್ ಬೋರ್ಡ್. ಅದರ ಅಂಚಿನಲ್ಲಿ ಸ್ಕ್ರೂ ಹಿಡಿಯುವುದಿಲ್ಲ, ಒಂದೆರಡು ಮಳೆಗಾಲದಲ್ಲಿ ಪುಡಿಯಾಗುತ್ತದೆ.

8×4 ಅಡಿಯ ಒಂದು ಶೀಟಿನಲ್ಲಿ ಇಂಥ ಪೆಟ್ಟಿಗೆಗೆ ಬೇಕಾಗುವುದು ಮೂರನೆಯ ಒಂದು ಭಾಗ ಮಾತ್ರ. ಉಳಿದದ್ದು ವ್ಯರ್ಥವಾಗದಂತೆ ಇಬ್ಬರು ಗೆಳೆಯರು ಸೇರಿ ಕೊಳ್ಳುವುದು ಲೇಸು. ಕೈಗರಗಸದಲ್ಲಿ ಹೋರಾಡುವ ಬದಲು, ಕಟಿಂಗ್ ಮೆಷಿನ್ ಇರುವ ಪ್ಲೈವುಡ್ ಅಂಗಡಿಯಲ್ಲೋ ಪೀಠೋಪಕರಣ ಮಾಡುವವರ ಷೆಡ್ಡಿನಲ್ಲೋ ಕತ್ತರಿಸಿಕೊಳ್ಳಿ. ಆರು ಹಲಗೆಗಳನ್ನು ಒಟ್ಟಿಗೆ ನಿಲ್ಲಿಸಿ ಕೋನಗಳನ್ನು ನೋಡಿ. ಮಟ್ಟಗೋಲಿನಲ್ಲಿ ಬೆಳಕು ಕಂಡರೆ ಅಂಟು ಹಚ್ಚುವ ಮೊದಲೇ ಸರಿಪಡಿಸಬೇಕು. ಎಂಡಿಎಫ್ ಕತ್ತರಿಸುವಾಗ ಏಳುವ ಹಿಟ್ಟಿನಂಥ ಧೂಳು ಶ್ವಾಸಕ್ಕೆ ಕೆಟ್ಟದ್ದು, ಅದನ್ನು ಬೆಸೆದಿರುವ ರಾಳದಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಟವೆಲ್ಲು ಕಟ್ಟಿಕೊಂಡರೆ ಸಾಲದು, ಮಾಸ್ಕ್ ಬೇಕು.

ಅಂಚಿನುದ್ದಕ್ಕೂ ಫೆವಿಕಾಲ್ ಹಚ್ಚಿ ಹಲಗೆ ಕೂಡಿಸಿ ಕ್ಲ್ಯಾಂಪ್ ಬಿಗಿದರೆ ಸಂದಿನಿಂದ ಬಿಳಿ ಅಂಟು ಮಣಿಮಣಿಯಾಗಿ ಹೊರಗೆ ಇಣುಕಬೇಕು. ಎಲ್ಲಿ ಇಣುಕಲಿಲ್ಲವೋ ಅಲ್ಲಿ ಅಂಟು ಸಾಲದು ಎಂದರ್ಥ. ಸ್ಕ್ರೂ ಹಾಕುವ ಮೊದಲು ಅದಕ್ಕಿಂತ ಸಣ್ಣ ಬಿಟ್ಟಿನಲ್ಲಿ ತೂತು ಕೊರೆಯದಿದ್ದರೆ ಎಂಡಿಎಫ್ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಅರ್ಧ ಅಡಿಗೊಂದು ಸ್ಕ್ರೂ ಸಾಕು. ಬಿಸಿಲಲ್ಲಿ ನಿಂತ ಗಾಡಿಯೊಳಗಿನ ಕಾವಿಗೆ ಬಿಳಿ ಅಂಟು ತುಸು ಮೆತ್ತಗಾಗುವುದರಿಂದ ಬರೀ ಅಂಟನ್ನು ನಂಬುವಂತಿಲ್ಲ. ಮುಂದಿನ ಹಲಗೆ ಸ್ಪೀಕರಿನ ಭಾರ ಹೊರಬೇಕಾದ್ದು, ಅದನ್ನು ಎರಡು ಪದರ ಮಾಡಿದರೆ ಒಳ್ಳೆಯದು. ಎದುರುಬದುರು ಹಲಗೆಗಳ ನಡುವೆ ಒಂದು ಅಡ್ಡಪಟ್ಟಿ ಕೊಟ್ಟರೆ ಹಲಗೆ ತಾನೇ ಸ್ಪೀಕರಿನಂತೆ ಅದುರುವುದು ನಿಲ್ಲುತ್ತದೆ. ಸ್ಪೀಕರಿನ ತೂತಿನ ಅಳತೆ ಚೀಟಿಯಲ್ಲಿರುತ್ತದೆ, 12 ಇಂಚಿನ ಸ್ಪೀಕರಿಗೆ ಸಾಮಾನ್ಯವಾಗಿ 28 ಸೆಂ.ಮೀ. ಆಸುಪಾಸು. 12 ಇಂಚು ಎಂದು 12 ಇಂಚೇ ಕೊರೆದವರ ಸ್ಪೀಕರು ಪೆಟ್ಟಿಗೆಯೊಳಗೆ ಬೀಳುತ್ತದೆ.

ಅಂಟು ಒಣಗಿದ ಮೇಲೆ ಒಳಗಿನ ಮೂಲೆಗಳಿಗೆಲ್ಲ ಸಿಲಿಕಾನ್ ಸೀಲಂಟ್ ಎಳೆದು ಬೆರಳಿನಿಂದ ಒತ್ತಿ ಒಂದು ದಿನ ಬಾಯಿ ತೆರೆದೇ ಬಿಡಿ. ಕೆಲವು ಸಿಲಿಕಾನ್ ಒಣಗುವಾಗ ಬಿಡುವ ಹುಳಿವಾಸನೆಯ ಆವಿ ಸ್ಪೀಕರಿನ ಲೋಹಕ್ಕೂ ಅಂಟಿಗೂ ಒಳ್ಳೆಯದಲ್ಲ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರನ್ನು ಸಡಿಲವಾಗಿ ಒಳಗೆ ಹರಡಿದರೆ ಪೆಟ್ಟಿಗೆ ತನ್ನ ಅಳತೆಗಿಂತ ತುಸು ದೊಡ್ಡದಿದ್ದಂತೆ ವರ್ತಿಸುತ್ತದೆ. ಸ್ಪೀಕರಿನ ಸುತ್ತ ಫೋಮ್ ಪಟ್ಟಿ ಅಂಟಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯುತ್ತ ಬನ್ನಿ. ಪರೀಕ್ಷೆ ಹೀಗಿದೆ: ಎರಡೂ ಅಂಗೈಗಳಿಂದ ಕೋನನ್ನು ಮೆಲ್ಲಗೆ ಒಳಗೆ ಒತ್ತಿ ಬಿಡಿ. ಬಿಗಿಯಾದ ಪೆಟ್ಟಿಗೆಯಲ್ಲಿ ಅದು ನಿಧಾನವಾಗಿ ಮರಳುತ್ತದೆ. ಥಟ್ಟನೆ ಹಾರಿ ಬಂದರೆ ಎಲ್ಲೋ ಸೋರುತ್ತಿದೆ. ಬೇಸ್ ಹಾಡು ಹಾಕಿ ಒದ್ದೆ ಬೆರಳನ್ನು ಸಂದುಗಳ ಮೇಲೆ ಆಡಿಸಿದರೆ ಜಾಗ ಸಿಗುತ್ತದೆ. ಹೊರಗೆ ಕಾರ್ಪೆಟ್ಟೋ ರೆಕ್ಸಿನ್ನೋ, ಅದು ಅಂದಕ್ಕೆ. ಸದ್ದಿಗೆ ಅದರಿಂದ ಏನೂ ಆಗಬೇಕಿಲ್ಲ.

ಪೆಟ್ಟಿಗೆಯನ್ನು ಗಾಡಿಗೆ ಕಟ್ಟುವುದನ್ನು ಹೆಚ್ಚಿನವರು ಮರೆಯುತ್ತಾರೆ. ಮರ 12 ಕಿಲೋ, ಸ್ಪೀಕರ್ ಸೇರಿ ಸುಮಾರು 20 ಕಿಲೋ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಗುದ್ದಿ ನಿಂತರೆ ಬಿಡಿ ಪೆಟ್ಟಿಗೆ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತದೆ. ಅದು ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ವಸ್ತುವಿನ ವೇಗ. ಓಮ್ನಿಯಲ್ಲಿ ಅದರ ಮುಂದೆ ಇರುವುದು ಮಕ್ಕಳು ಕೂತ ಹಿಂದಿನ ಸೀಟು. ಕಬ್ಬಿಣದ ಎಲ್ ಪಟ್ಟಿ, ಬೋಲ್ಟುಗಳಿಂದ ನೆಲದ ಲೋಹಕ್ಕೇ ಬಿಗಿಯಬೇಕು. ಕೊರೆಯುವ ಮೊದಲು ಕೆಳಗೆ ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು ಇಲ್ಲವೆಂದು ಬಗ್ಗಿ ನೋಡಿ.

ವಿದ್ಯುತ್ತಿನ ವಿಷಯದಲ್ಲಿ ಚೌಕಾಶಿ ಬೇಡ. ‘ಪಿಎಂಪಿಒ 3000 ವಾಟ್ಸ್’ ಎಂಬ ಬಣ್ಣದ ಸ್ಟಿಕ್ಕರಿಗೆ ಅರ್ಥವಿಲ್ಲ, ನೋಡಬೇಕಾದದ್ದು ಆರ್‌ಎಂಎಸ್, ಅಂದರೆ ಆಂಪ್ಲಿಫೈಯರ್ ಎಡೆಬಿಡದೆ ಕೊಡಬಲ್ಲ ವಾಟ್ಸ್. ವಾಟ್ಸ್ ಎರಡರಷ್ಟಾದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟ್ಸ್ ಬೇಕು. 250ರಿಂದ 500 ವಾಟ್ಸ್‌ಗೆ ಜಿಗಿಯಲು ದುಡ್ಡು ಸುರಿಯುವ ಬದಲು ಪೆಟ್ಟಿಗೆಯ ಸೋರಿಕೆ ಮುಚ್ಚುವುದು ಲಾಭ. 500 ವಾಟ್ಸ್ ಆರ್‌ಎಂಎಸ್ ಕೊಡುವ ಕ್ಲಾಸ್–ಡಿ ಆಂಪ್ಲಿಫೈಯರ್ ಪೂರ್ತಿ ದುಡಿದಾಗ ಬ್ಯಾಟರಿಯಿಂದ ಸುಮಾರು 45 ಆಂಪಿಯರ್ ಎಳೆಯುತ್ತದೆ. ಅದಕ್ಕೆ 4 ಚದರ ಎಂ.ಎಂ. ವೈರ್ ಹಾಕಿದರೆ ಐದು ಮೀಟರಿನಲ್ಲಿ ಒಂದು ವೋಲ್ಟ್ ದಾರಿಯಲ್ಲೇ ಶಾಖವಾಗಿ ಹೋಗುತ್ತದೆ. 16 ಚದರ ಎಂ.ಎಂ. ಶುದ್ಧ ತಾಮ್ರ ಬೇಕು. ತಾಮ್ರ ಲೇಪಿಸಿದ ಅಲ್ಯುಮಿನಿಯಂ ವೈರ್ ಅಗ್ಗ, ಅದರ ವಾಹಕ ಶಕ್ತಿಯೂ ತಾಮ್ರದ ಮೂರನೇ ಎರಡು ಭಾಗದಷ್ಟೇ.

ಬ್ಯಾಟರಿಯಿಂದ ಅರ್ಧ ಮೀಟರಿನೊಳಗೆ ಫ್ಯೂಸು ಇರಲೇಬೇಕು. ಆ ಫ್ಯೂಸು ಕಾಯುವುದು ಆಂಪ್ಲಿಫೈಯರನ್ನಲ್ಲ, ಗಾಡಿಯನ್ನು. ತಗಡಿನ ತೂತಿನಲ್ಲಿ ಹಾದ ವೈರಿನ ಸಿಪ್ಪೆ ತಿಂಗಳಾನುಗಟ್ಟಲೆ ಉಜ್ಜಿ ಒಂದು ದಿನ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಬೆಂಕಿ ಹೊತ್ತಿಕೊಳ್ಳುತ್ತದೆ. ತೂತಿಗೆ ರಬ್ಬರ್ ಬುಷ್ ಹಾಕಿ. ನೆಗೆಟಿವ್ ವೈರನ್ನು ಪೇಂಟ್ ಕೆರೆದ ಲೋಹಕ್ಕೆ ಗಟ್ಟಿಯಾಗಿ ಬಿಗಿಯಿರಿ. ಸೀಟಿನ ಬೋಲ್ಟಿಗೋ ಬೆಲ್ಟಿನ ಬೋಲ್ಟಿಗೋ ಕೊಡಬೇಡಿ. ಎರಡು ಕಾಯಿಲ್ ಇರುವ 4 ಓಮ್ ಸ್ಪೀಕರನ್ನು ಪ್ಯಾರಲಲ್ ಕೂಡಿಸಿದರೆ 2 ಓಮ್, ಸೀರೀಸ್ ಕೂಡಿಸಿದರೆ 8 ಓಮ್. ಆಂಪ್ಲಿಫೈಯರ್ 2 ಓಮ್ ತಾಳುತ್ತದೋ ಎಂದು ಅದರ ಪುಸ್ತಕದಲ್ಲಿ ನೋಡಿಯೇ ಕೂಡಿಸಬೇಕು. ಕೆಳಸ್ವರವನ್ನಷ್ಟೇ ಒಳಬಿಡುವ ಲೋ–ಪಾಸ್ ಫಿಲ್ಟರನ್ನು 80 ಹರ್ಟ್ಸ್ ಹತ್ತಿರ ಇಡಿ. ಗೇನ್ ಎಂಬ ತಿರುಪು ವಾಲ್ಯೂಮ್ ಅಲ್ಲ, ಸ್ಟೀರಿಯೊಗೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು. ಅದನ್ನು ಪೂರ್ತಿ ತಿರುಗಿಸಿದರೆ ಅಲೆಯ ತಲೆ ಕತ್ತರಿಸಿ ಹೋಗಿ ಸ್ಪೀಕರಿನ ಕಾಯಿಲ್ ಸುಡುತ್ತದೆ.

ಇಷ್ಟೆಲ್ಲ ಸರಿಯಾದರೆ ಪೆಟ್ಟಿಗೆ ನಿಮ್ಮ ನಿರೀಕ್ಷೆಗಿಂತ ಜೋರಾಗಿಯೇ ನುಡಿಯುತ್ತದೆ. ಆಗ ಎರಡು ಅಂಕಿ ನೆನಪಿರಲಿ. ದಿನಕ್ಕೆ 8 ಗಂಟೆ 85 ಡೆಸಿಬೆಲ್ ಎಂಬುದು ಕಿವಿಯ ಸುರಕ್ಷತೆಗೆ ಹಾಕಿಕೊಂಡಿರುವ ಮಿತಿ. ಅದಕ್ಕಿಂತ 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ಲಿಗೆ ಬಂದರೆ ದಿನಕ್ಕೆ 15 ನಿಮಿಷ. ಒಳಕಿವಿಯ ಕೂದಲಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಹೊರಗಿನವರ ಪಾಲಿಗೆ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿಯೆಂದರೆ 10ರಿಂದ ಬೆಳಗ್ಗೆ 6. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಆದರೆ ಈ ಅಂಕಿಗಳನ್ನು ಅಳೆಯುವುದು ‘ಎ’ ತೂಕದ ಡೆಸಿಬೆಲ್‌ನಲ್ಲಿ. ಆ ಅಳತೆ 40 ಹರ್ಟ್ಸ್‌ನ ಸದ್ದನ್ನು ಇದ್ದದ್ದಕ್ಕಿಂತ 34 ಡೆಸಿಬೆಲ್‌ಗೂ ಹೆಚ್ಚು ಕಡಿಮೆ ತೋರಿಸುತ್ತದೆ. ಮೀಟರು ಮಿತಿಯೊಳಗಿದೆ ಎನ್ನುವಾಗಲೇ ಶೀಟು ಮನೆಯ ಸೂರು ಅದುರುತ್ತಿರಬಹುದು, ತೊಟ್ಟಿಲ ಕೂಸು ಬೆಚ್ಚಿ ಏಳಬಹುದು. ಬೇಸಿನ ವಿಷಯದಲ್ಲಿ ಕಾನೂನಿನ ಅಳತೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾನೂನು ಬದಲಾಗುವವರೆಗೆ ಬೇಸಿನ ಅಳತೆ ವಾಹನ ಓಡಿಸುವವರ ಕೈಯಲ್ಲೇ ಇದೆ.

ಅದಕ್ಕೂ ಪೆಟ್ಟಿಗೆ ಕಟ್ಟುವಾಗಲೇ ಒಂದು ವ್ಯವಸ್ಥೆ ಮಾಡಿಕೊಳ್ಳಬಹುದು. ಬಹಳಷ್ಟು ಆಂಪ್ಲಿಫೈಯರುಗಳ ಜೊತೆ ಉದ್ದ ವೈರಿನ ಪುಟ್ಟ ಬೇಸ್ ನಾಬ್ ಬರುತ್ತದೆ. ಅದನ್ನು ಡಬ್ಬಿಯಲ್ಲೇ ಬಿಡದೆ ಸ್ಟಿಯರಿಂಗ್ ಪಕ್ಕ ಕೈಗೆ ಸಿಗುವಂತೆ ಕೂರಿಸಿ. ಹಾಡು ನಿಲ್ಲಿಸದೆ ಬೇಸ್ ಒಂದನ್ನೇ ಇಳಿಸಬಹುದು. ಹೆದ್ದಾರಿ ಬಿಟ್ಟು ಊರೊಳಗೆ ತಿರುಗುವಾಗ, ಶಾಲೆ–ಆಸ್ಪತ್ರೆಯ ಮುಂದೆ ಹಾಯುವಾಗ, ರಾತ್ರಿ ಹತ್ತಾದ ಮೇಲೆ ಎಲ್ಲಿದ್ದರೂ, ದಯವಿಟ್ಟು ಆ ನಾಬನ್ನು ಸೊನ್ನೆಗೆ ತಿರುಗಿಸಿ.